ಮಾಲು ಅವರ ಅಂಗಡಿಯಲ್ಲಿ, ಲೆಕ್ಕ ನಮ್ಮ ಕೈಯಲ್ಲಿ

ಡಿಗ್ರಿ ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ನಮ್ಮಂಥವರ ಮನೆಗಳಲ್ಲಿ ಒಂದಲ್ಲ ಒಂದು ಕೈಕೆಲಸ ಇದ್ದೇ ಇರುತ್ತದೆ. ಒಬ್ಬರ ಅಮ್ಮ ಕ್ರೋಶಾ ಹಾಕುತ್ತಾರೆ, ಇನ್ನೊಬ್ಬರ ಅಕ್ಕ ಮಣ್ಣಿನ ಓಲೆ ಮಾಡುತ್ತಾಳೆ, ಮತ್ತೊಬ್ಬ ಗೆಳೆಯ ಬಿದಿರಿನ ದೀಪ ಮಾಡುತ್ತಾನೆ. ಮಾಡುವುದನ್ನು ಮೊಬೈಲ್ ನೋಡಿ ಕಲಿಯಬಹುದು. ಮಾಡಿದ್ದನ್ನು ಅಂಗಡಿಗೆ ಒಯ್ದಾಗ ಕೌಂಟರಿನ ಆಚೆಯಿಂದ ಬರುವ ಎರಡು ಪ್ರಶ್ನೆಗಳಿಗೆ ಮಾತ್ರ ಉತ್ತರ ಹೇಳಿಕೊಡುವವರು ಕಡಿಮೆ. ಒಂದು, ‘ಜಿಎಸ್‌ಟಿ ನಂಬರ್ ಇದೆಯಾ?’ ಎರಡು, ‘ಕನ್‌ಸೈನ್‌ಮೆಂಟ್ ಮೇಲೆ ಇಡ್ತೀರಾ?’

ನಮ್ಮದು ಧಾರವಾಡ. ಅವ್ವ ಇಪ್ಪತ್ತು ವರ್ಷಗಳಿಂದ ಕಸೂತಿ ಹಾಕುತ್ತಾಳೆ. ಮೊದಲು ಸೀರೆಗಳಷ್ಟೇ ಇದ್ದವು, ಈಗ ಸ್ಟೋಲ್, ಕೈಚೀಲ, ದಿಂಬಿನ ಕವರ್ ಕೂಡ ಇವೆ. ಓಣಿಯ ಆರು ಮಂದಿ ಹೆಣ್ಣುಮಕ್ಕಳು ಮನೆಗೆಲಸ ಮುಗಿಸಿ ಮಧ್ಯಾಹ್ನ ನಮ್ಮ ಪಡಸಾಲೆಗೆ ಬಂದು ಕೂಡುತ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂಥೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ತೇರು, ಆನೆ, ತುಳಸಿಕಟ್ಟೆಗಳು ಮೂಡುತ್ತವೆ. ಗವಂತಿ ಹಾಕಿದ ಬಟ್ಟೆ ಎರಡೂ ಕಡೆ ಒಂದೇ ಥರ ಕಾಣಬೇಕು, ಹಿಂದೆ ಗಂಟು ಇರಬಾರದು. ಇಂಥ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದರ ಲೆಕ್ಕ ಮಾತ್ರ ಹಳೆಯ ಡೈರಿಯ ಹಾಳೆಗಳಲ್ಲಿ ಇತ್ತು.

ನಾನು ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಓದಿನ ನಡುವೆ ಈ ಲೆಕ್ಕ ನನ್ನ ಪಾಲಿಗೆ ಬಂತು. ಕಾರಣ, ದೂರದ ನಗರವೊಂದರ ಅಂಗಡಿ. ಅವರು ಅವ್ವನಿಂದ 36 ಸ್ಟೋಲ್ ತರಿಸಿಕೊಂಡು ‘ಮಾರಾಟವಾದಂತೆ ದುಡ್ಡು ಕಳಿಸ್ತೀವಿ’ ಎಂದಿದ್ದರು. ಎಂಟು ತಿಂಗಳ ಮೇಲೆ 21 ವಾಪಸ್ ಬಂದವು, 9ರ ಹಣ ಬಂತು. ಉಳಿದ 6 ಎಲ್ಲಿ ಹೋದವೆಂದು ಕೇಳಿದರೆ, ‘ನೀವು ಕೊಟ್ಟಿದ್ದೇ 30’ ಎಂಬ ಉತ್ತರ. ವಾಪಸ್ ಬಂದವುಗಳಲ್ಲಿ ಕೆಲವು ಕಿಟಕಿಯ ಬಿಸಿಲಿಗೆ ಬಣ್ಣ ಬಿಟ್ಟಿದ್ದವು. ಹೊಲಿದವರಿಗೆ ಅವ್ವ ಕೂಲಿಯನ್ನು ಎಂದೋ ಕೊಟ್ಟಾಗಿತ್ತು. ಆರು ಸ್ಟೋಲಿನ ನಷ್ಟ ಪೂರ್ತಿ ನಮ್ಮ ಮನೆಯ ತಲೆಗೇ ಬಂತು.

ಕನ್‌ಸೈನ್‌ಮೆಂಟ್ ಎಂದರೇನು?

ಸರಳವಾಗಿ ಹೇಳಬೇಕೆಂದರೆ, ಮಾಲು ಅಂಗಡಿಯಲ್ಲಿ ಇರುತ್ತದೆ, ಮಾರಾಟವಾಗುವವರೆಗೂ ಅದು ನಮ್ಮದೇ. ಮಾರಿದ ಮೇಲೆ ಅಂಗಡಿಯವರು ತಮ್ಮ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಮಾರದೆ ಉಳಿದರೆ ವಾಪಸ್. ಅಂಗಡಿಯವರಿಗೆ ಬಂಡವಾಳ ಬೇಡ, ನಮಗೆ ಬಾಡಿಗೆಯ ಚಿಂತೆ ಇಲ್ಲ. ಹೊಸಬರಿಗೆ ಒಳ್ಳೆಯ ದಾರಿಯೇ. ಆದರೆ ಅದರ ಲೆಕ್ಕವನ್ನು ಒಮ್ಮೆ ಪೂರ್ತಿ ಹಾಕಿ ನೋಡಬೇಕು.

ಅಂಚಿಗೆ ಮಾತ್ರ ಕಸೂತಿ ಇರುವ ಒಂದು ಸ್ಟೋಲಿನ ಬೆಲೆ ₹1,000 ಎಂದುಕೊಳ್ಳಿ. ಅಂಗಡಿಯ ಕಮಿಷನ್ ಶೇ 30. ಕೈಗೆ ₹700 ಬರುತ್ತದೆ ಎಂದು ಅವ್ವ ಲೆಕ್ಕ ಹಿಡಿದಿದ್ದಳು. ಬಂದದ್ದು ₹646. ಕಮಿಷನ್ ಎಂಬುದು ಅಂಗಡಿಯವರು ನಮಗೆ ಕೊಡುವ ಸೇವೆ, ಆ ಸೇವೆಗೆ ಶೇ 18 ಜಿಎಸ್‌ಟಿ ಇದೆ. ₹300ಕ್ಕೆ ₹54 ತೆರಿಗೆ. ನಮಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಆ ₹54 ಮರಳಿ ಬರುವುದಿಲ್ಲ. ಅಂದರೆ ಶೇ 30 ಎನ್ನುವುದು ನಿಜದಲ್ಲಿ ಶೇ 35.4.

ಆ ಸ್ಟೋಲಿಗೆ ಬಟ್ಟೆ, ದಾರ ಸೇರಿ ₹210, ಕೂಲಿ ₹300. ₹646ರಲ್ಲಿ ಅದನ್ನು ಕಳೆದರೆ ಉಳಿಯುವುದು ₹136. ದೀಪಾವಳಿಗೆ ಅಂಗಡಿಯವರು ನಮ್ಮನ್ನು ಕೇಳದೆ ಶೇ 10 ರಿಯಾಯಿತಿ ಬಿಟ್ಟು, ಅದನ್ನೂ ನಮ್ಮ ಪಾಲಿಗೇ ಹಾಕಿದರೆ ಉಳಿಯುವುದು ₹36. ಕೊರಿಯರ್ ಖರ್ಚು ಬೇರೆ. ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂದ್ರ ನಾವು ಮಾರಾಕ ಕೊಟ್ಟಿದ್ದಲ್ಲ, ಸಾಲಾ ಕೊಟ್ಟಂಗಾತಲ್ಲ’ ಎಂದಳು. ಅದು ನಿಜ. 40 ಸ್ಟೋಲ್ ಅಂಗಡಿಯಲ್ಲಿ ಕೂತರೆ ನಮ್ಮ ₹20,400 ಅಲ್ಲಿ ಕೂತಂತೆ. ಹೊಲಿದವರಿಗೆ ಶನಿವಾರ ಬಂದರೆ ಕೂಲಿ ಕೊಡಲೇಬೇಕು. ಅಂಗಡಿಯಲ್ಲಿ ಮಾರಾಟವಾದ ಮೇಲೆ ಕೊಡುತ್ತೇನೆ ಎಂದು ಅವರಿಗೆ ಹೇಳಲಾಗುವುದಿಲ್ಲ.

ಆ ನಂಬರ್ ಬೇಕೋ, ಬೇಡವೋ

ಇನ್ನೊಂದು ಪ್ರಶ್ನೆ ಜಿಎಸ್‌ಟಿಯದು. ಬೆಂಗಳೂರಿನ ದೊಡ್ಡ ಅಂಗಡಿಯೊಂದು ದಸರಾ ಹೊತ್ತಿಗೆ 100 ಕೈಚೀಲ ಇಡಲು ಒಪ್ಪಿತು. ಷರತ್ತು ಒಂದೇ, ಜಿಎಸ್‌ಟಿ ನಂಬರ್ ಇರಬೇಕು. ಮನೆಯಲ್ಲಿ ಚರ್ಚೆ ಶುರುವಾಯಿತು. ‘ತಗೊಂಡ್ರ ಏನಾಕ್ಕೈತಿ, ಮಾಡಿಸಿಬಿಡು’ ಎಂದು ಕಾಕಾ. ‘ಬ್ಯಾಡ ತಂಗಿ, ಒಮ್ಮೆ ಆ ನಂಬರ್ ತಗೊಂಡ್ರ ಬೆನ್ನ ಬಿಡಂಗಿಲ್ಲ’ ಎಂದು ನಮ್ಮಲ್ಲಿ ಹೊಲಿಯುವ ಹಿರಿಯ ಅಕ್ಕ.

ಅವರ ಹೆದರಿಕೆಗೆ ಕಾರಣವೂ ಇತ್ತು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಮಾಹಿತಿ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿಗಳಂಥ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಎಷ್ಟೋ ಕಡೆ ಕ್ಯೂಆರ್ ಕೋಡ್ ತೆಗೆದು ‘ಕ್ಯಾಷ್ ಮಾತ್ರ’ ಎಂಬ ಚೀಟಿ ಅಂಟಿಸಿದ್ದನ್ನು ನೀವೂ ನೋಡಿರುತ್ತೀರಿ. ಹೆದರಿಕೆಗಾಗಲಿ, ದಸರೆಯ ಆಸೆಗಾಗಲಿ ಬಗ್ಗದೆ ನಿಯಮವೇನೆಂದು ನೋಡೋಣ ಎಂದುಕೊಂಡೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಜಿಎಸ್‌ಟಿ ಅಧ್ಯಾಯ ಮೊದಲ ಸಲ ನಮ್ಮ ಪಡಸಾಲೆಗೆ ಬಂದದ್ದು ಆಗ.

ಕರ್ನಾಟಕದಲ್ಲಿ ಬರೀ ಸರಕು ಮಾರುವವರ ವಹಿವಾಟು ಹಣಕಾಸು ವರ್ಷವೊಂದರಲ್ಲಿ ₹40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಸೇವೆ ಕೊಡುವವರಿಗೆ ಈ ಮಿತಿ ₹20 ಲಕ್ಷ. ಇಲ್ಲಿ ಒಂದು ಸೂಕ್ಷ್ಮ ಇದೆ. ₹40 ಲಕ್ಷದ ಅವಕಾಶ ‘ಬರೀ’ ಸರಕಿನವರಿಗೆ. ಅವ್ವ ಗಿರಾಕಿಗಳೇ ತಂದುಕೊಡುವ ಸೀರೆಗೂ ಕಸೂತಿ ಹಾಕಿ ಕೂಲಿ ತಗೊಳ್ಳುತ್ತಾಳೆ. ಅದು ಸೇವೆ. ಹಾಗಾಗಿ ನಮ್ಮ ಗೆರೆ ₹20 ಲಕ್ಷ. ನಿಮ್ಮಲ್ಲೂ ಯಾರಾದರೂ ಟೆರಾಕೋಟಾ ಓಲೆ ಮಾರುತ್ತ, ಜೊತೆಗೆ ವಾರಾಂತ್ಯದ ತರಗತಿಗೆ ಫೀಸ್ ತಗೊಳ್ಳುತ್ತಿದ್ದರೆ ಅವರ ಗೆರೆಯೂ ಅದೇ.

ವಹಿವಾಟು ಎಂದರೆ ಲಾಭವಲ್ಲ, ಕೈಗೆ ಬಂದ ಹಣವೂ ಅಲ್ಲ. ಅಂಗಡಿಯವರು ನಮ್ಮ ಪರವಾಗಿ ಮಾರುವವರಾದರೆ ಆ ಸ್ಟೋಲಿಗೆ ಲೆಕ್ಕಕ್ಕೆ ಬರುವುದು ₹1,000, ನಮಗೆ ತಲುಪಿದ ₹646 ಅಲ್ಲ. ಒಂದೇ ಪ್ಯಾನ್ ಮೇಲೆ ನಡೆಯುವ ಎಲ್ಲ ವ್ಯಾಪಾರವನ್ನೂ ಕೂಡಿಸಬೇಕು. ಅದಕ್ಕೇ ನಾನು ಮೊದಲು ಮಾಡಿದ ಕೆಲಸ, ಅವ್ವನ ಹೆಸರಿನಲ್ಲಿ ವ್ಯಾಪಾರಕ್ಕೆಂದೇ ಬೇರೆ ಬ್ಯಾಂಕ್ ಖಾತೆ ತೆರೆಸಿದ್ದು. ಮಾವ ವಾಪಸ್ ಕೊಟ್ಟ ಕೈಗಡ, ಮದುವೆಗೆ ಅಕ್ಕ ಹಾಕಿದ ದುಡ್ಡು, ಸ್ಟೋಲ್ ಮಾರಿದ ಹಣ ಎಲ್ಲ ಒಂದೇ ಖಾತೆಯಲ್ಲಿ ಕಲಸಿಹೋದರೆ, ನಾಳೆ ಯಾರಾದರೂ ಕೇಳಿದಾಗ ಬಿಡಿಸಿ ಹೇಳುವುದು ಕಷ್ಟ.

ಬೇರೆ ರಾಜ್ಯಕ್ಕೆ ಮಾರಿದರೆ? ಸಾಮಾನ್ಯವಾಗಿ ರಾಜ್ಯದ ಗಡಿ ದಾಟಿ ಸರಕು ಮಾರುವವರು ವಹಿವಾಟು ಎಷ್ಟೇ ಇರಲಿ ನೋಂದಣಿ ಮಾಡಿಸಬೇಕು. ಆದರೆ ಸರ್ಕಾರ ಪಟ್ಟಿ ಮಾಡಿದ ಕರಕುಶಲ ವಸ್ತುಗಳಿಗೆ ₹20 ಲಕ್ಷದವರೆಗೆ ವಿನಾಯಿತಿ ಇದೆ. ಕೈಕಸೂತಿಯ ಬಟ್ಟೆ ಆ ಪಟ್ಟಿಯಲ್ಲಿದೆ, ಮರದ ಅರಗಿನ ಸಾಮಾನೂ ಇದೆ. ಹೆಚ್ಚಿನ ಕೆಲಸ ಕೈಯಿಂದಲೇ ಆಗಿರಬೇಕು, ಪ್ಯಾನ್ ಇರಬೇಕು, ಸರಕು ಸಾಗಿಸುವಾಗ ಇ–ವೇ ಬಿಲ್ ಬೇಕು. ಉಳಿದ ಸರಕಿಗೆ ₹50,000 ದಾಟಿದರೆ ಎಂಬ ಮಾತಿದೆ. ಹೀಗೆ ವಿನಾಯಿತಿ ಪಡೆದ ಕರಕುಶಲ ವಸ್ತುಗಳು ಗಡಿ ದಾಟುವಾಗ ಬೆಲೆ ಎಷ್ಟೇ ಇದ್ದರೂ ಇ–ವೇ ಬಿಲ್ ಬೇಕೇಬೇಕು. ಗೋವಾದ ಮೇಳಕ್ಕೆ ಎರಡು ಚೀಲ ಸಾಮಾನು ಒಯ್ಯುವ ಮೊದಲು ನಾವು ಇದನ್ನು ಮಾಡಿಕೊಂಡೇ ಬಸ್ ಹತ್ತಿದೆವು.

ಆನ್‌ಲೈನ್ ಮಾರಾಟ ತಾಣಗಳಲ್ಲೂ 2023ರ ಅಕ್ಟೋಬರ್ 1ರಿಂದ ಒಂದು ಸಡಿಲಿಕೆ ಇದೆ. ಮಿತಿಯೊಳಗಿನ ಸಣ್ಣವರು ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ಸಂಖ್ಯೆಯಷ್ಟೇ ಪಡೆದು, ತಮ್ಮ ರಾಜ್ಯದೊಳಗಿನ ಗಿರಾಕಿಗಳಿಗೆ ಮಾರಬಹುದು.

ನೋಂದಣಿ ಮಾಡಿಸಿದರೆ

ನೋಂದಣಿ ಕಷ್ಟದ ಕೆಲಸವೇನಲ್ಲ. ಸರ್ಕಾರದ ಶುಲ್ಕವೂ ಇಲ್ಲ. ಪ್ಯಾನ್, ಆಧಾರ್, ಫೋಟೊ, ಜಾಗದ ದಾಖಲೆಯಾಗಿ ಕರೆಂಟ್ ಬಿಲ್ ಸಾಕು. ಮನೆ ಅಜ್ಜನ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರ, ಬಾಡಿಗೆ ಮನೆಯಾದರೆ ಕರಾರು ಪತ್ರ ಬೇಕು. ಸಿಗುವ ಸಂಖ್ಯೆಯಲ್ಲಿ 15 ಅಕ್ಷರ, ಅಂಕಿಗಳಿರುತ್ತವೆ. ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ನಮ್ಮ ಪ್ಯಾನ್.

ಯೋಚಿಸಬೇಕಾದದ್ದು ಅದರ ಮುಂದಿನದನ್ನು. ಮಿತಿಯೊಳಗಿದ್ದೂ ನಾವಾಗಿಯೇ ನೋಂದಣಿ ಮಾಡಿಸಿದರೆ ತೆರಿಗೆ ಮೊದಲ ರೂಪಾಯಿಯಿಂದಲೇ ಶುರು. 2025ರ ಸೆಪ್ಟೆಂಬರ್ 22ರಿಂದ ಶೇ 12ರ ಹಂತ ಹೋಗಿ ಕರಕುಶಲ ವಸ್ತುಗಳಲ್ಲಿ ಹೆಚ್ಚಿನವು ಶೇ 5ಕ್ಕೆ ಇಳಿದಿವೆ, ಅದು ಸಮಾಧಾನ. ಕೊಂಡ ಬಟ್ಟೆ, ದಾರ, ಅಂಗಡಿಯ ಕಮಿಷನ್ ಮೇಲಿನ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಅದೂ ಲಾಭವೇ. ಆದರೆ ವ್ಯಾಪಾರ ಇರಲಿ ಬಿಡಲಿ ರಿಟರ್ನ್ ಸಲ್ಲಿಸಲೇಬೇಕು. ತಡವಾದರೆ ದಿನಕ್ಕೆ ₹50, ವ್ಯಾಪಾರವೇ ಇಲ್ಲದ ‘ಶೂನ್ಯ’ ರಿಟರ್ನ್ ಆದರೆ ದಿನಕ್ಕೆ ₹20 ದಂಡ. ರಾಜಿ ತೆರಿಗೆ ಪದ್ಧತಿ, ಅಂದರೆ ಕಂಪೋಸಿಷನ್‌ಗೆ ಹೋದರೆ ತಯಾರಕರಿಗೂ ವ್ಯಾಪಾರಿಗಳಿಗೂ ವಹಿವಾಟಿನ ಶೇ 1 ತೆರಿಗೆ ಕಟ್ಟಿದರೆ ಮುಗಿಯಿತು. ಆದರೆ ಆ ಪದ್ಧತಿಯವರು ಬೇರೆ ರಾಜ್ಯಕ್ಕೆ ಮಾರುವಂತಿಲ್ಲ. ನಮಗೆ ಗೋವಾ ಮೇಳ ತಪ್ಪಿಹೋಗುತ್ತದೆ.

ಕನ್‌ಸೈನ್‌ಮೆಂಟ್‌ಗೂ ನೋಂದಣಿಗೂ ಗಂಟು ಬೀಳುವುದು ಇಲ್ಲಿಯೇ. ನೋಂದಣಿ ಆದವರು ಮಾಲನ್ನು ಏಜೆಂಟರಿಗೆ ಕೊಟ್ಟು, ಏಜೆಂಟರು ತಮ್ಮ ಹೆಸರಿನ ಬಿಲ್ ಹಾಕಿ ಗಿರಾಕಿಗೆ ಮಾರಿದರೆ, ನಾವು ಮಾಲು ಕಳಿಸಿದ್ದೇ ‘ಪೂರೈಕೆ’ ಎನಿಸಿಕೊಳ್ಳುತ್ತದೆ. ದುಡ್ಡು ಇನ್ನೂ ಬಂದಿಲ್ಲದಿದ್ದರೂ ತೆರಿಗೆಯ ಹೊಣೆ ಬರುತ್ತದೆ. ಇದನ್ನು 2018ರ ಸೆಪ್ಟೆಂಬರ್‌ನ ಸುತ್ತೋಲೆಯೊಂದು ಸ್ಪಷ್ಟಪಡಿಸಿದೆ. ಅದೇ ಮಾಲನ್ನು ‘ಒಪ್ಪಿಗೆಯಾದರೆ ಮಾರಾಟ, ಇಲ್ಲದಿದ್ದರೆ ವಾಪಸ್’ ಎಂಬ ಕರಾರಿನಲ್ಲಿ ಡೆಲಿವರಿ ಚಲನ್ ಮೇಲೆ ಕಳಿಸಿದರೆ, ಮಾರಾಟ ಖಚಿತವಾದಾಗ ಅಥವಾ ಕಳಿಸಿ ಆರು ತಿಂಗಳಾದಾಗ, ಯಾವುದು ಮೊದಲೋ ಆಗ ಇನ್‌ವಾಯ್ಸ್ ಹಾಕಬೇಕು. ಅದೇ ಸ್ಟೋಲು, ಅದೇ ಅಂಗಡಿ. ಕಾಗದದಲ್ಲಿ ಏನು ಬರೆದಿದೆ ಎಂಬುದರ ಮೇಲೆ ತೆರಿಗೆಯ ದಿನ ಬದಲಾಗುತ್ತದೆ. ನಮ್ಮಂತೆ ಬಂಡವಾಳ ಕಡಿಮೆ ಇರುವವರಿಗೆ ಈ ದಿನದ ವ್ಯತ್ಯಾಸವೇ ಒಂದು ವಾರದ ಕೂಲಿ.

ಇಷ್ಟೆಲ್ಲ ನೋಡಿ, ಈ ವರ್ಷ ನೋಂದಣಿ ಬೇಡ ಎಂದು ತೀರ್ಮಾನಿಸಿದೆವು. ನಮ್ಮ ವಹಿವಾಟು ಮಿತಿಯ ಅರ್ಧಕ್ಕೂ ಬಂದಿಲ್ಲ. ಹೆಚ್ಚಿನ ಮಾರಾಟ ನೇರ ಗಿರಾಕಿಗಳಿಗೆ, ಅವರಿಗೆ ತೆರಿಗೆ ಸೇರಿಸಿದರೆ ಬೆಲೆ ಏರುವುದಷ್ಟೇ. ಬೆಂಗಳೂರಿನ ಆ ಅಂಗಡಿ ಒಪ್ಪಲಿಲ್ಲ. 100 ಕೈಚೀಲದ ಬೇಡಿಕೆ ಕೈತಪ್ಪಿತು. ಓಣಿಯ ಅಕ್ಕಂದಿರಿಗೆ ಅದು ಒಂದೂವರೆ ತಿಂಗಳ ಕೆಲಸವಾಗುತ್ತಿತ್ತು. ಆ ಬೇಸರ ಇನ್ನೂ ಇದೆ.

ಹುಬ್ಬಳ್ಳಿಯ ಅಂಗಡಿಯವರೂ ಅದೇ ಪ್ರಶ್ನೆ ಕೇಳಿದರು. ಅವರದು ಕನ್‌ಸೈನ್‌ಮೆಂಟ್ ಅಲ್ಲ, ನೇರ ಖರೀದಿ. ‘ನಂಬರ್ ಇಲ್ಲಂದ್ರ ನಮಗ ಇನ್‌ಪುಟ್ ಸಿಗಂಗಿಲ್ಲಲ್ರೀ’ ಎಂದರು. ನಾನು ಹಾಳೆ ತೆಗೆದು ಬರೆದು ತೋರಿಸಿದೆ. ನೋಂದಣಿ ಆದವರಿಂದ ₹700ರ ಸ್ಟೋಲ್ ಕೊಂಡರೆ ₹35 ತೆರಿಗೆ ಸೇರಿಸಿ ₹735 ಕೊಡುತ್ತೀರಿ, ಆಮೇಲೆ ₹35 ಕಳೆದುಕೊಳ್ಳುತ್ತೀರಿ. ನಮ್ಮಿಂದ ₹700ಕ್ಕೇ ಕೊಂಡರೆ ಕೊಡದ ತೆರಿಗೆಯನ್ನು ಕಳೆದುಕೊಳ್ಳುವ ಮಾತೇ ಇಲ್ಲ. ಎರಡರಲ್ಲೂ ನಿಮಗೆ ಬೀಳುವ ಅಸಲು ₹700. ಅವರು ಕ್ಯಾಲ್ಕ್ಯುಲೇಟರ್ ಒತ್ತಿ ನೋಡಿ, ‘ಖರೇನ ಐತಿ ಬಿಡ್ರಿ’ ಎಂದು 25 ಸ್ಟೋಲ್ ಇಟ್ಟುಕೊಂಡರು.

ಕಾರ್ಬನ್ ಹಾಳೆಯ ಪುಸ್ತಕ

ಕನ್‌ಸೈನ್‌ಮೆಂಟ್ ಬಿಟ್ಟಿಲ್ಲ. ಎರಡು ಅಂಗಡಿಗಳಲ್ಲಿ ಈಗಲೂ ಇಡುತ್ತೇವೆ, ಆದರೆ ಕಾಗದ ಇಲ್ಲದೆ ಒಂದು ಚೀಲವೂ ಮನೆಯಿಂದ ಹೊರಗೆ ಹೋಗುವುದಿಲ್ಲ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ, ಕಾರ್ಬನ್ ಹಾಳೆಯ ಎರಡು ಪ್ರತಿಯ ಚಲನ್ ಪುಸ್ತಕ ಸಾಕು. ಪ್ರತಿ ವಸ್ತುವಿಗೆ ಒಂದು ಸಂಖ್ಯೆ, ಪುಟ್ಟ ಬಟ್ಟೆಯ ಚೀಟಿ, ಮೊಬೈಲಿನಲ್ಲಿ ಒಂದು ಫೋಟೊ. ಜೊತೆಗೆ ಒಂದು ಪುಟದ ಒಪ್ಪಂದ. ಅದರಲ್ಲಿ ಇಷ್ಟು ಇರುತ್ತದೆ:

* ಮಾರಾಟವಾಗುವವರೆಗೆ ಮಾಲು ನಮ್ಮದೇ. ಯಾವ ಸಂಖ್ಯೆಯ ಎಷ್ಟು ವಸ್ತು, ಪ್ರತಿಯೊಂದರ ಬೆಲೆ ಎಷ್ಟು.
* ಕಮಿಷನ್ ಶೇಕಡಾ ಎಷ್ಟು, ಅದರ ಮೇಲಿನ ತೆರಿಗೆ ಸೇರಿಯೋ, ಬಿಟ್ಟೋ.
* ಬಿಲ್ ಯಾರ ಹೆಸರಿನಲ್ಲಿ ಹಾಕುವುದು.
* ಪ್ರತಿ ತಿಂಗಳು ಯಾವ ತಾರೀಕಿಗೆ ಲೆಕ್ಕ, ಯಾವ ತಾರೀಕಿಗೆ ಹಣ.
* ರಿಯಾಯಿತಿ ಕೊಟ್ಟರೆ ಯಾರ ಪಾಲಿನಿಂದ. ಕೇಳದೆ ಕೊಟ್ಟರೆ ಅಂಗಡಿಯವರ ಪಾಲಿನಿಂದ.
* ಕಳುವಾದರೆ, ಕಲೆಯಾದರೆ, ಬಿಸಿಲಿಗೆ ಬಣ್ಣ ಹೋದರೆ ಹೊಣೆ ಯಾರದು.
* ಎಷ್ಟು ದಿನ ಇಡುವುದು, ವಾಪಸ್ ಕಳಿಸುವ ಖರ್ಚು ಯಾರದು. ನಾವು ಮೂರು ತಿಂಗಳು ಎಂದು ಬರೆಯುತ್ತೇವೆ.

ಮೊದಲ ಸಲ ಈ ಪುಟ ಮುಂದಿಟ್ಟಾಗ ಪರಿಚಯದ ಅಂಗಡಿಯವರೊಬ್ಬರು ಮುಖ ಸಣ್ಣ ಮಾಡಿದರು. ‘ಇಷ್ಟ ವರ್ಷದಿಂದ ನಿಮ್ಮ ಅವ್ವಾರು ಬಾಯಿಮಾತಿನ ಮ್ಯಾಲೆ ಕೊಡ್ತಿದ್ರಲ್ಲವಾ, ನಮ್ಮ ಮ್ಯಾಲೆ ನಂಬಿಕಿ ಇಲ್ಲೇನ?’ ನಾನು ಉತ್ತರಿಸುವ ಮೊದಲೇ ಅವ್ವ ಹೇಳಿದಳು, ‘ನಂಬಿಕಿ ಐತ್ರೀ. ನಾಳೆ ನಿಮ್ಮ ಅಂಗಡ್ಯಾಗ ಬ್ಯಾರೆ ಹುಡುಗ ಕುಂತಿದ್ದ ಅಂದ್ರ ಅವಂಗೂ ಗೊತ್ತಾಗಬೇಕಲ್ಲ.’ ಅವರು ನಕ್ಕು ಸಹಿ ಹಾಕಿದರು.

ಇನ್ನೊಂದು ಪರೀಕ್ಷೆ ಐದು ನಿಮಿಷದ್ದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಯಾವುದೇ ಅಂಗಡಿಯ ಜಿಎಸ್‌ಟಿ ಸಂಖ್ಯೆ ಹಾಕಿ ಹುಡುಕಬಹುದು. ನೋಂದಣಿ ಚಾಲ್ತಿಯಲ್ಲಿದೆಯೇ, ಯಾರ ಹೆಸರಿನಲ್ಲಿದೆ, ರಿಟರ್ನ್ ಸಲ್ಲಿಸುತ್ತಿದ್ದಾರೆಯೇ ಎಂದು ಕಾಣುತ್ತದೆ. ಅಂಗಡಿಯವರು ನಮ್ಮ ನಂಬರ್ ಕೇಳುವಂತೆ ನಾವೂ ಅವರ ನಂಬರ್ ನೋಡಬಹುದು. ನೋಂದಾಯಿತರು ಅದನ್ನು ಹೊರಗಿನ ಬೋರ್ಡಿನ ಮೇಲೆ ಬರೆಸಬೇಕೆಂಬ ನಿಯಮವೇ ಇದೆ.

ನೇರವಾಗಿ ಕೊಂಡುಕೊಳ್ಳುವ ಅಂಗಡಿಗಳ ವಿಷಯದಲ್ಲಿ ಇನ್ನೊಂದು ಆಸರೆ ಇದೆ. ಉದ್ಯಮ್ ನೋಂದಣಿ ಉಚಿತ, ಆಧಾರ್ ಇದ್ದರೆ ಮೊಬೈಲಿನಲ್ಲೇ ಆಗುತ್ತದೆ. ಅದು ಇರುವ ಸಣ್ಣ ಉತ್ಪಾದಕರಿಗೆ ಕೊಳ್ಳುವವರು ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ಹಣ ಕೊಡಬೇಕೆಂದು ಕಾನೂನು ಹೇಳುತ್ತದೆ. ನಾವು ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಬರೆಯಲು ಶುರು ಮಾಡಿದ ಮೇಲೆ ಹಣ ಕೇಳಲು ಫೋನ್ ಮಾಡುವುದು ಕಡಿಮೆಯಾಗಿದೆ.

ಈಗ ತಿಂಗಳ ಕೊನೆಯ ದಿನ ನಾನು ಮೂರು ಸಂಖ್ಯೆ ಬರೆದಿಡುತ್ತೇನೆ. ಏಪ್ರಿಲ್‌ನಿಂದ ಇಲ್ಲಿಯವರೆಗಿನ ಒಟ್ಟು ವಹಿವಾಟು, ಅಂಗಡಿಗಳಲ್ಲಿ ಕೂತಿರುವ ಮಾಲಿನ ಅಸಲು, ಬರಬೇಕಾದ ಹಣ. ಒಂದು ಅಂಗಡಿಯಲ್ಲಿ ನಮ್ಮ ಮಾಲಿನ ಕಾಲು ಭಾಗಕ್ಕಿಂತ ಹೆಚ್ಚು ಇಡುವುದಿಲ್ಲ. ವಹಿವಾಟು ₹15 ಲಕ್ಷ ಮುಟ್ಟಿದ ದಿನ ನೋಂದಣಿಗೆ ಅರ್ಜಿ ಹಾಕುವುದೆಂದು ಬರೆದಿಟ್ಟಿದ್ದೇವೆ. ಆ ದಿನ ಬೇಗ ಬರಲಿ ಎಂಬುದು ಅವ್ವನ ಆಸೆ, ಹೆದರಿಸುತ್ತಿದ್ದ ಹಿರಿಯ ಅಕ್ಕನದೂ ಅದೇ ಆಸೆ ಈಗ.

ನಮ್ಮ ಓಣಿಯ ಚಟ್ನಿಪುಡಿ ಮಾಡುವವರು, ಪಕ್ಕದ ಬೀದಿಯ ಕುಂಬಾರರ ಮನೆಯ ಹುಡುಗ ಚಲನ್ ಪುಸ್ತಕ ಹೇಗೆ ಬರೆಯುವುದೆಂದು ಕೇಳಿಕೊಂಡು ಬರುತ್ತಿದ್ದಾರೆ. ಇಬ್ಬರ ಲೆಕ್ಕ ಬರೆದುಕೊಡುವುದಕ್ಕೆ ತಿಂಗಳಿಗೆ ಒಂದಿಷ್ಟು ಕೊಡುತ್ತಾರೆ, ನನ್ನ ಪರೀಕ್ಷೆಯ ಅರ್ಜಿಗಳ ಖರ್ಚು ಅದರಲ್ಲಿ ನಡೆಯುತ್ತದೆ. ವಾಣಿಜ್ಯ ಓದಿದ ಗೆಳೆಯ ಗೆಳತಿಯರೇ, ನಿಮ್ಮ ಓಣಿಯಲ್ಲೂ ಇಂಥ ಒಂದು ಮನೆ ಇರುತ್ತದೆ. ಅವರ ಕೈಯಲ್ಲಿ ಕಸುಬಿದೆ, ಡೈರಿಯ ಹಾಳೆಯಲ್ಲಿ ಅರ್ಧ ಲೆಕ್ಕವಿದೆ. ಫಲಿತಾಂಶಕ್ಕೆ ಕಾಯುವ ಈ ದಿನಗಳಲ್ಲಿ ಒಂದು ಮಧ್ಯಾಹ್ನ ಹೋಗಿ ಅವರ ಜೊತೆ ಕುಳಿತುಕೊಳ್ಳಿ. ಯಾವ ಅಂಗಡಿಯಲ್ಲಿ ಎಷ್ಟಿದೆ, ಎಷ್ಟು ಬರಬೇಕು ಎಂಬ ಎರಡು ಕಾಲಂ ಎಳೆಯುವುದರಿಂದ ಶುರು ಮಾಡಿದರೂ ಸಾಕು.